ಲಾರಿಗೆ ಸೈಲೆನ್ಸರ್ ಕೊಳ್ಳುವ ಮುನ್ನ

ಈ ಆರೋಗ್ಯ ಅಂಕಣದಲ್ಲಿ ನಾನು ಇದುವರೆಗೆ ಋತುಚರ್ಯೆ, ಪಥ್ಯ, ಮಂಡಿನೋವು, ಮಧುಮೇಹಗಳನ್ನು ಕುರಿತು ಬರೆಯುತ್ತ ಬಂದಿದ್ದೇನೆ. ಈ ತಿಂಗಳು ಲಾರಿಯ ಸೈಲೆನ್ಸರನ್ನು ಕುರಿತು ಬರೆಯುತ್ತಿರುವುದನ್ನು ಕಂಡು ಕೆಲವರಿಗೆ ನಗು ಬರಬಹುದು. ಅದು ಮಿಸ್ತ್ರಿಯ ವಿಷಯ, ವೈದ್ಯನಿಗೆ ಅದರ ಗೊಡವೆಯೇಕೆ ಎಂದು ನಾನೂ ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಭಾವಿಸಿದ್ದೆ. ಆ ಭಾವನೆಯ ಬೆಲೆಯನ್ನು ನನ್ನ ರೋಗಿಗಳು ತೆತ್ತಿದ್ದಾರೆ.

ಕಳೆದ ಪುಷ್ಯಮಾಸದಲ್ಲಿ ಚಿತ್ತಾಪುರ ತಾಲೂಕಿನ ಒಂದು ಹಳ್ಳಿಯಿಂದ ತಂದೆ, ತಾಯಿ, ಮಗ ಮೂವರೂ ಸೇಡಂನ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ತಂದೆಗೆ ಐವತ್ತೆರಡು ವರ್ಷ. ಇಪ್ಪತ್ತೆಂಟು ವರ್ಷ ಲಾರಿ ನಡೆಸಿದವರು. ಮೊದಲು ಶಹಾಬಾದಿನ ಫರಸಿ ಕಲ್ಲು, ಆಮೇಲೆ ವಾಡಿ, ಮಳಖೇಡಗಳಿಂದ ಹೈದರಾಬಾದಿಗೆ ಸಿಮೆಂಟು. ತಮಗೇನೂ ಆಗಿಲ್ಲವೆಂಬಂತೆ ಅವರು ಸುಮ್ಮನೆ ಕುಳಿತಿದ್ದರು. ಮಾತನಾಡಿದವರು ಅವರ ಪತ್ನಿ.

“ಇವರಿಗಿ ಮಾತು ಕೇಳಸ್ತಾವರಿ, ಆದ್ರ ತಿಳಿಯಂಗಿಲ್ಲ. ಸಕ್ರಿ ತರ್ರಿ ಅಂದ್ರ ಅಕ್ಕಿ ತಗೊಂಡು ಬರ್ತಾರ. ಮತ್ತ ಜೋರಾಗಿ ಹೇಳಿದ್ರ, ಯಾಕ ಒದರ್ತಿ ಅಂತ ನನಗೇ ಬೈತಾರ.”

ಇಷ್ಟು ನಿಖರವಾದ ರೋಗವಿವರಣೆಯನ್ನು ನಾನು ವೈದ್ಯಕೀಯ ಪುಸ್ತಕಗಳಲ್ಲಿಯೂ ಓದಿದ್ದು ಕಡಿಮೆ. ಒಳಗಿವಿಯ ಶಂಖದಂತಹ ಸುರುಳಿಯಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ಹುಟ್ಟುವಾಗ ಬಂದವು ಅಷ್ಟೇ. ಸತ್ತ ಕೋಶಕ್ಕೆ ಬದಲಾಗಿ ಮನುಷ್ಯನಲ್ಲಿ ಹೊಸದು ಹುಟ್ಟುವುದಿಲ್ಲ. ವರ್ಷಾನುಗಟ್ಟಲೆ ಅತಿಶಬ್ದಕ್ಕೆ ಸಿಕ್ಕಿದ ಕಿವಿಯಲ್ಲಿ ಮೊದಲು ಸಾಯುವವು 4,000 ಹರ್ಟ್ಸ್ ಸುತ್ತಲಿನ ತಾರಸ್ವರವನ್ನು ಗ್ರಹಿಸುವ ಕೋಶಗಳು. ಸ, ಶ, ಫ ಮೊದಲಾದ ವ್ಯಂಜನಗಳ ಗುರುತು ಇರುವುದೇ ಆ ಎತ್ತರದ ಸ್ವರಗಳಲ್ಲಿ. ಅ, ಆ, ಉ ಮುಂತಾದ ಸ್ವರಗಳು ಕೆಳಗಿನ ಸ್ಥಾಯಿಯವು, ಅವು ಉಳಿಯುತ್ತವೆ. ಆದುದರಿಂದ ಸಕ್ಕರೆಯ ಸಕಾರ ಹೋಗಿ ಅಕ್ಕಿ ಉಳಿಯುತ್ತದೆ. ಜೋರಾದ ಮಾತು ಥಟ್ಟನೆ ಕರ್ಕಶವಾಗಿ ಕೇಳಿಸುವುದೂ ಇದೇ ವ್ಯಾಧಿಯ ಲಕ್ಷಣ. ಹೆಂಡತಿ ಒದರುತ್ತಾಳೆ ಎಂದು ಅವರಿಗೆ ಅನಿಸುವುದು ಸ್ವಭಾವದೋಷದಿಂದಲ್ಲ.

ಅವರ ಹಳೆಯ ಚೀಟಿಯನ್ನು ಪತ್ನಿ ಜೋಪಾನವಾಗಿ ತಂದಿದ್ದರು. ಹನ್ನೊಂದು ವರ್ಷಗಳ ಹಿಂದಿನದು, ನನ್ನದೇ ಕೈಬರಹ: ಕರ್ಣನಾದ, ಬಿಲ್ವತೈಲ, ರಾತ್ರಿ ನಾಲ್ಕು ಹನಿ. ಅಂದು ಕಿವಿಯಲ್ಲಿ ಗುಂಯ್‌ಗುಡುವ ಶಬ್ದವೆಂದು ಅವರು ಬಂದಾಗ ನಾನು ವಾತವನ್ನು ನೋಡಿದೆ, ನಾಡಿಯನ್ನು ನೋಡಿದೆ, ಎಣ್ಣೆ ಕೊಟ್ಟು ಕಳುಹಿಸಿದೆ. ಯಾವ ಗಾಡಿ ನಡೆಸುತ್ತೀರಿ, ದಿನಕ್ಕೆ ಎಷ್ಟು ತಾಸು, ಅದರ ಸೈಲೆನ್ಸರ್ ಹೇಗಿದೆ ಎಂದು ಒಂದು ಮಾತು ಕೇಳಲಿಲ್ಲ. ಚರಕಾಚಾರ್ಯರು ಸೂತ್ರಸ್ಥಾನದಲ್ಲಿ ಗುಡುಗು, ನಗಾರಿ, ಆರ್ಭಟಗಳ ಅತಿಶ್ರವಣವನ್ನು ಶ್ರೋತ್ರೇಂದ್ರಿಯದ ಅತಿಯೋಗವೆಂದು ಹೇಳಿ, ಅದನ್ನು ರೋಗಕಾರಣಗಳಲ್ಲಿ ಸೇರಿಸಿದ್ದಾರೆ. ಆ ಪಾಠವನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿದ್ದೆ. ಎದುರಿಗೆ ಕುಳಿತ ರೋಗಿಯ ನಗಾರಿ ಯಾವುದೆಂದು ಕೇಳಲು ತೋಚಲಿಲ್ಲ. ನಿದಾನವನ್ನು ಬಿಟ್ಟು ಔಷಧ ಕೊಟ್ಟ ತಪ್ಪು ನನ್ನದು.

ಅವರನ್ನು ಕಲಬುರಗಿಗೆ ಕಳುಹಿಸಿ ಶ್ರವಣ ಪರೀಕ್ಷೆ ಮಾಡಿಸಿದೆ. ಕಾಗದದ ಮೇಲಿನ ಗೆರೆ ಎರಡೂ ಕಿವಿಗಳಲ್ಲಿ 4,000ದ ಬಳಿ ಹಳ್ಳಕ್ಕೆ ಇಳಿದಿತ್ತು. ಆ ಹಳ್ಳವನ್ನು ತುಂಬುವ ಔಷಧ ನನ್ನಲ್ಲಿಲ್ಲ, ಅಲೋಪಥಿಯವರಲ್ಲಿಯೂ ಇಲ್ಲ. ಶ್ರವಣಯಂತ್ರವಷ್ಟೇ ಉಳಿದ ದಾರಿ.

ಇನ್ನು ಮಗನ ವಿಷಯ. ಇಪ್ಪತ್ನಾಲ್ಕು ವರ್ಷದ ಹುಡುಗ. ಸಾಲ ಮಾಡಿ ಹಳೆಯ ಟಿಪ್ಪರ್ ಒಂದನ್ನು ಕೊಂಡಿದ್ದಾನೆ. ತಂದೆಯ ವರದಿಯನ್ನು ನಾನು ಓದುತ್ತಿರುವಾಗಲೇ, “ಡಾಕ್ಟರ್ ಸಾಹೇಬ್ರ, ನಾಳಿ ವಾಡಿಗಿ ಹೋಗೂದದ, ಮಫ್ಲರ್ ಹಾಕಸಬೇಕು” ಎಂದ. ಪುಷ್ಯದ ಚಳಿ, ಕಿವಿಗೆ ಸುತ್ತಿಕೊಳ್ಳುವ ಉಣ್ಣೆಯ ಮಫ್ಲರೆಂದು ತಿಳಿದು, “ಒಳ್ಳೆಯದಪ್ಪಾ, ತಂದೆಗೂ ಒಂದು ತಾ” ಎಂದುಬಿಟ್ಟೆ. ಹುಡುಗ ನಕ್ಕು ಮೊಬೈಲ್ ತೋರಿಸಿದ. ಅಮೆರಿಕದವರು ಮಫ್ಲರ್ ಎನ್ನುವುದು ನಮ್ಮ ಸೈಲೆನ್ಸರನ್ನು. ಅಲ್ಲಿಯ ದೊಡ್ಡ ಗಾಡಿಯೊಂದಕ್ಕೆ ಎರಡು ಹೊಗೆಪೈಪು, ಅವುಗಳ ನಡುವೆ ಒಂದು ಅಡ್ಡಕೊಳವೆ, ಹಿಂದೆ ಹೊಳೆಯುವ ಎರಡು ಚಿಕ್ಕ ಮಫ್ಲರು; ಎಕ್ಸಿಲೇಟರ್ ಒತ್ತಿದರೆ ಹುಲಿಯ ಗರ್ಜನೆ. ತನ್ನ ಟಿಪ್ಪರಿಗೂ ಹಾಗೆಯೇ ಮಾಡಿಸುವ ಆಸೆ ಅವನದು. ತಂದೆಯ ಕಿವಿಯ ಚಿತ್ರ ನನ್ನ ಎಡಗೈಯಲ್ಲಿ, ಮಗನ ಮೊಬೈಲು ಬಲಗೈಯಲ್ಲಿ. ಮರುದಿನ ಚಿಕಿತ್ಸಾಲಯದ ಬಾಗಿಲು ಹಾಕಿ ನಾನೂ ಅವನೊಡನೆ ವಾಡಿಗೆ ಹೋದೆ.

ಗ್ಯಾರೇಜಿನ ಮಿಸ್ತ್ರಿ ನನ್ನ ವಯಸ್ಸಿನವರೇ. ವಿಡಿಯೋ ನೋಡಿ, “ಇದು ಲಾರಿ ಅಲ್ಲ ಡಾಕ್ಟರ್ ಸಾಬ್, ಪಿಕಪ್. ಅಲ್ಲಿ ಇದಕ್ಕೂ ಟ್ರಕ್ ಅಂತಾರ” ಎಂದರು. ಆ ಗಾಡಿಗಳ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಎಂಟು ಸಿಲಿಂಡರುಗಳು, ಈ ಕಡೆ ನಾಲ್ಕು, ಆ ಕಡೆ ನಾಲ್ಕು. ಒಂದೊಂದು ಕಡೆಗೆ ಒಂದೊಂದು ಹೊಗೆಪೈಪು. ಎರಡೂ ಕಡೆಯ ಹೊಗೆಯ ಬಡಿತಗಳು ಒಂದಾದ ಮೇಲೊಂದು ಸಮನಾಗಿ ಬರುವುದಿಲ್ಲ. ಒಂದು ಕಡೆ ಎರಡು ಬಡಿತ ಬೆನ್ನುಬೆನ್ನಿಗೆ ಬಂದು, ಇನ್ನೊಂದು ಕಡೆ ಖಾಲಿ ಇರುತ್ತದೆ. ಎರಡು ಹೊಲಗಳ ಕಾಲುವೆಗಳ ನಡುವೆ ಅಡ್ಡಗಾಲುವೆ ತೋಡಿ ನೀರನ್ನು ಹಂಚುವಂತೆ, ಆ ಒತ್ತಡವನ್ನು ಹಂಚಲು ಕ್ರಾಸ್‌ಓವರ್ ಪೈಪ್ ಬೇಕಾಗುತ್ತದೆ. ಇಂಗ್ಲಿಷಿನ ಎಚ್ ಅಕ್ಷರದಂತೆ ನಡುವೆ ಗಿಡ್ಡ ಕೊಳವೆ ಕೂರಿಸಿದರೆ ಸ್ವರ ತಗ್ಗಿ ಗಂಭೀರವಾಗುತ್ತದೆ. ಎಕ್ಸ್ ಅಕ್ಷರದಂತೆ ಪೈಪುಗಳೇ ಕೂಡಿ ಅಗಲಿದರೆ ಹೊಗೆಯ ಹರಿವು ಸ್ವಲ್ಪ ಸರಾಗವಾಗಿ, ಸ್ವರ ಏರುತ್ತದೆ. ಆ ಎಂಜಿನ್ನಿಗೆ ಅದು ಯುಕ್ತವಾದ ವಿದ್ಯೆ.

ನಮ್ಮ ರಸ್ತೆಗಳ ಟಾಟಾ, ಅಶೋಕ್ ಲೇಲ್ಯಾಂಡ್, ಭಾರತ್‌ಬೆಂಝ್ ಲಾರಿಗಳಲ್ಲಿ ಬಹುತೇಕ ಎಲ್ಲವೂ ನಾಲ್ಕು ಅಥವಾ ಆರು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ ಡೀಸೆಲ್ ಎಂಜಿನ್ನುಗಳು. ಎಲ್ಲ ಸಿಲಿಂಡರುಗಳ ಹೊಗೆಯೂ ಒಂದೇ ಟರ್ಬೊ ಮೂಲಕ ಹಾದು ಒಂದೇ ಪೈಪಿನಿಂದ ಹೊರಬರುತ್ತದೆ. “ಒಂದೇ ಪೈಪಿದ್ದಲ್ಲಿ ಯಾವುದಕ್ಕ ಯಾವುದು ಜೋಡಸ್ಲಿ?” ಎಂದು ಮಿಸ್ತ್ರಿ ಕೇಳಿದ ಪ್ರಶ್ನೆಗೆ ಹುಡುಗನಲ್ಲಿ ಉತ್ತರವಿರಲಿಲ್ಲ. ಬೇಕೆಂದರೆ ಪೈಪನ್ನು ಕೃತಕವಾಗಿ ಎರಡು ಮಾಡಿ ನಡುವೆ ಅಡ್ಡಕೊಳವೆ ಇಡಬಹುದು. ಅದರಿಂದ ಎಂಜಿನ್ನಿಗೆ ಯಾವ ಉಪಕಾರವೂ ಇಲ್ಲ. ನಾಲ್ಕಾರು ವೆಲ್ಡಿಂಗ್ ಹೆಚ್ಚಾಗುತ್ತವೆ, ಒಂದೊಂದು ವೆಲ್ಡಿಂಗೂ ನಾಳೆ ಬಿರುಕು ಬಿಟ್ಟು ಹೊಗೆ ಸೋರುವ ಜಾಗವಾಗುತ್ತದೆ. ಲಾರಿ ಮಾಲೀಕರಾದ ಭಕ್ತರು ಅಡ್ಡಕೊಳವೆಯ ವಿಚಾರವನ್ನು ಇಲ್ಲಿಗೇ ಬಿಡಬಹುದು.

ಸೈಲೆನ್ಸರಿನ ಆಯ್ಕೆ ಮಾತ್ರ ಬಿಡುವಂತಹದಲ್ಲ. ಅಂದು ಮಿಸ್ತ್ರಿ ಹಳೆಯ ಸೈಲೆನ್ಸರುಗಳನ್ನು ಸೀಳಿ ತೋರಿಸಿದರು. ಒಂದು ಜಾತಿಯದರಲ್ಲಿ ಒಳಗೆ ಅಡ್ಡಗೋಡೆಗಳು, ಕೋಣೆಗಳು. ಶಬ್ದ ಗೋಡೆಗೆ ಬಡಿದು ಮರಳಿ, ಎದುರಿನಿಂದ ಬರುವ ಶಬ್ದದೊಡನೆ ಸೇರಿ ತನ್ನನ್ನು ತಾನೇ ಕುಂದಿಸಿಕೊಳ್ಳುತ್ತದೆ. ಇನ್ನೊಂದರಲ್ಲಿ ತೂತುಗಳುಳ್ಳ ನೇರ ಕೊಳವೆ, ಅದರ ಸುತ್ತ ಗಾಜಿನ ಉಣ್ಣೆ. ಇದು ಕೀರಲು ಸ್ವರವನ್ನು ಚೆನ್ನಾಗಿ ಹೀರುತ್ತದೆ, ಗುಡುಗಿನಂತಹ ತಗ್ಗಿನ ಸ್ವರವನ್ನು ಬಿಟ್ಟುಬಿಡುತ್ತದೆ. ವರ್ಷಗಳು ಕಳೆದಂತೆ ಉಣ್ಣೆ ಸುಟ್ಟು ಹಾರಿಹೋಗಿ ಬರಿಯ ಡಬ್ಬಿ ಉಳಿಯುತ್ತದೆ. ವಿಡಿಯೋಗಳಲ್ಲಿ ಮೆರೆಯುವ ಹೊಳೆಯುವ ಮಫ್ಲರುಗಳು ಬಹುಮಟ್ಟಿಗೆ ಈ ಎರಡನೆಯ ಜಾತಿಯವು.

ಡೀಸೆಲ್ ಲಾರಿಯ ಮುಖ್ಯ ಶಬ್ದ ತಗ್ಗಿನದು. ಆರು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ 1,500 ಸುತ್ತು ತಿರುಗುವಾಗ ಸೆಕೆಂಡಿಗೆ 25 ಸುತ್ತು, ಸುತ್ತಿಗೆ ಮೂರು ಸ್ಫೋಟ, ಒಟ್ಟು 75 ಬಡಿತ. 75 ಹರ್ಟ್ಸಿನ ಶಬ್ದದ ಒಂದು ಅಲೆಯ ಉದ್ದ ಗಾಳಿಯಲ್ಲಿ ಸುಮಾರು ನಾಲ್ಕೂವರೆ ಮೀಟರು. ಅಷ್ಟು ಉದ್ದದ ಅಲೆಯನ್ನು ಅಂಗೈಯಗಲದ ಡಬ್ಬಿ ಹಿಡಿಯಲಾರದು. ದೊಡ್ಡ ಹೊಟ್ಟೆ, ಕೋಣೆಗಳು ಬೇಕು. ಕಂಪನಿಯವರು ಲಾರಿಗೆ ಅಷ್ಟು ದೊಡ್ಡ ಸೈಲೆನ್ಸರ್ ಇಟ್ಟದ್ದು ಇದಕ್ಕಾಗಿ. ತಗ್ಗಿನ ಶಬ್ದ ಗೋಡೆ ಕಿಟಕಿಗಳನ್ನು ಸುಲಭವಾಗಿ ದಾಟಿ ಮನೆಯೊಳಗೆ ಬರುತ್ತದೆ ಎಂಬುದನ್ನೂ ಗಮನಿಸಬೇಕು. ಶಹಾಬಾದ್, ವಾಡಿ, ಸೇಡಂ ಕಡೆಯ ನಮ್ಮ ಮನೆಗಳಲ್ಲಿ ನೆಲ ಫರಸಿಯದು, ಗೋಡೆ ಕಲ್ಲಿನದು, ಹಳೆಯ ಮನೆಗಳಲ್ಲಿ ಛಾವಣಿಯೂ ಫರಸಿಯದೇ. ಕಲ್ಲು ಶಬ್ದವನ್ನು ಹೀರುವುದಿಲ್ಲ, ಮರಳಿಸುತ್ತದೆ. ಬೇಸಿಗೆಯಲ್ಲಿ ಬಾಗಿಲು ತೆರೆದು ಮಲಗುವವರ ಮನೆಯೊಳಗೆ ಬಂದ ಶಬ್ದ ಅಲ್ಲಿಯೇ ಸುತ್ತುತ್ತದೆ.

ಸೈಲೆನ್ಸರ್ ತೆಗೆದರೆ ಎಳೆತ ಹೆಚ್ಚುತ್ತದೆ, ಡೀಸೆಲ್ ಉಳಿಯುತ್ತದೆ ಎಂಬ ನಂಬಿಕೆ ಚಾಲಕರಲ್ಲಿ ಬೇರೂರಿದೆ. ಇದರಲ್ಲಿ ಒಂದು ಎಳೆಯಷ್ಟು ಸತ್ಯವಿದೆ. ಒಳಗೆ ತುಕ್ಕು ಹಿಡಿದು, ಗೋಡೆ ಮುರಿದು, ಮಸಿ ಕಟ್ಟಿಕೊಂಡ ಸೈಲೆನ್ಸರ್ ಹೊಗೆಯನ್ನು ತಡೆದು ಎಂಜಿನ್ನಿನ ಮೇಲೆ ಹಿಮ್ಮುಖ ಒತ್ತಡ ಹೇರುತ್ತದೆ. ಅಂತಹ ಗಾಡಿ ಏಕೆ ಎಳೆಯುವುದಿಲ್ಲ ಎಂದು ಚಾಲಕ ಗೊಣಗುವುದು ಸರಿಯೇ. ಮಲಬದ್ಧತೆ ಇದ್ದವನಿಗೆ ಕರುಳನ್ನೇ ಕತ್ತರಿಸುವುದು ಚಿಕಿತ್ಸೆಯಲ್ಲ. ಕಟ್ಟಿಕೊಂಡ ಸೈಲೆನ್ಸರಿಗೆ ಬದಲು ಅದೇ ಅಳತೆಯ ಹೊಸದನ್ನು ಹಾಕಿದರೆ ಎಳೆತ ಮರಳುತ್ತದೆ. ಸರಿಯಾಗಿರುವ ಸೈಲೆನ್ಸರನ್ನು ಕಿತ್ತೆಸೆದರೆ, 1,500 ಸುತ್ತಿನ ಆಸುಪಾಸಿನಲ್ಲಿ ದುಡಿಯುವ ಟರ್ಬೊ ಡೀಸೆಲ್ ಎಂಜಿನ್ನಿಗೆ ಸಿಗುವ ಲಾಭ ಅತ್ಯಲ್ಪ. ಶಬ್ದ ಜೋರಾದಾಗ ಶಕ್ತಿ ಹೆಚ್ಚಿತೆಂದು ನಮ್ಮ ಮನಸ್ಸು ಭಾವಿಸುತ್ತದೆ, ಅಷ್ಟೇ.

ಶಬ್ದದ ಲೆಕ್ಕವನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಡೆಸಿಬಲ್ ಎಂಬ ಅಳತೆ ಮೋಸಗೊಳಿಸುತ್ತದೆ. ಮೂರು ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ. ಸೈಲೆನ್ಸರೊಂದು 20 ಡೆಸಿಬಲ್ ತಗ್ಗಿಸಿತೆಂದರೆ ಶಬ್ದಶಕ್ತಿಯನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸಿತೆಂದು ಅರ್ಥ. 85 ಡೆಸಿಬಲ್ ಶಬ್ದದಲ್ಲಿ ದಿನಕ್ಕೆ ಎಂಟು ತಾಸು ಕೆಲಸ ಮಾಡಬಹುದೆಂದು ಔದ್ಯೋಗಿಕ ಆರೋಗ್ಯದ ತಜ್ಞರು ಎಣಿಸುತ್ತಾರೆ. 88ಕ್ಕೆ ನಾಲ್ಕು ತಾಸು, 91ಕ್ಕೆ ಎರಡು, 94ಕ್ಕೆ ಒಂದೇ ತಾಸು. ತಾಂಡೂರು ಮಾರ್ಗವಾಗಿ ಹೈದರಾಬಾದಿಗೆ ಸಿಮೆಂಟು ಹೊತ್ತು ಹೋಗಿಬರುವ ಚಾಲಕ ಎಂಜಿನ್ನಿನ ಪಕ್ಕದಲ್ಲಿ ಎಷ್ಟು ತಾಸು ಕೂರುತ್ತಾನೆಂದು ಓದುಗರೇ ಲೆಕ್ಕ ಹಾಕಲಿ. ಅಳೆಯುವ ಯಂತ್ರ ಬೇಡ: ಕ್ಯಾಬಿನ್ನಿನಲ್ಲಿ ಕೈಚಾಚಿದಷ್ಟು ದೂರದಲ್ಲಿ ಕುಳಿತ ಕ್ಲೀನರನೊಡನೆ ಮಾತನಾಡಲು ದನಿ ಎತ್ತಬೇಕಾಗಿ ಬಂದರೆ ಅಲ್ಲಿ 85 ದಾಟಿದೆಯೆಂದು ತಿಳಿಯಬಹುದು. ಗಾಡಿ ಇಳಿದ ಮೇಲೆ ಕಿವಿ ಗುಂಯ್‌ಗುಟ್ಟಿದರೆ, ಮನೆಯ ಟಿ.ವಿ. ದನಿಯನ್ನು ಎಂದಿಗಿಂತ ಹೆಚ್ಚು ಮಾಡಬೇಕಾದರೆ, ಆ ದಿನ ಕಿವಿಗೆ ಪೆಟ್ಟು ಬಿದ್ದಿದೆ. ಮೊದಮೊದಲು ರಾತ್ರಿಯ ವಿಶ್ರಾಂತಿಯಿಂದ ಅದು ಸರಿಹೋಗುತ್ತದೆ. ದಿನವೂ ಪೆಟ್ಟು ಬಿದ್ದರೆ ಒಂದು ದಿನ ಸರಿಹೋಗುವುದು ನಿಲ್ಲುತ್ತದೆ. ಅಂತಹವರು ತಡಮಾಡದೆ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಕರ್ಣಪೂರಣದ ಬಗ್ಗೆ ಕೇಳುವವರಿರುತ್ತಾರೆ. ಎಳ್ಳೆಣ್ಣೆಯನ್ನು ಬೆಚ್ಚಗೆ ಮಾಡಿ ಕಿವಿಗೆ ಹಾಕುವುದು ದಿನಚರ್ಯೆಯಲ್ಲಿ ಹೇಳಿದ ಕ್ರಮ. ಒಣಗಿದ ಕಿವಿಗೆ, ಗಟ್ಟಿಯಾದ ಗುಗ್ಗೆಗೆ ಹಿತ. ಸತ್ತ ರೋಮಕೋಶವನ್ನು ಅದು ಬದುಕಿಸದು. ಕಿವಿ ಸೋರುತ್ತಿದ್ದರೆ, ಕಿವಿಯ ಪರದೆಯಲ್ಲಿ ತೂತಿದ್ದರೆ ಎಣ್ಣೆಯನ್ನು ಹಾಕಲೇಬಾರದು. ಇದನ್ನು ಆಯುರ್ವೇದ ವೈದ್ಯನಾಗಿಯೇ ಹೇಳುತ್ತಿದ್ದೇನೆ.

ಕಿವಿಯಷ್ಟೇ ಅಲ್ಲ. ರಾತ್ರಿ ರಸ್ತೆಬದಿಯ ಮನೆಯಲ್ಲಿ ಮಲಗಿದವನು ಲಾರಿಯ ಶಬ್ದಕ್ಕೆ ಎಚ್ಚರಗೊಳ್ಳದಿದ್ದರೂ ಅವನ ಹೃದಯದ ಬಡಿತ, ರಕ್ತದ ಒತ್ತಡ ಏರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪಿನ ಶಾಖೆ 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿ, ರಾತ್ರಿಯ ಸಂಚಾರದ ಶಬ್ದ 45 ಡೆಸಿಬಲ್ ಮೀರಬಾರದೆಂದು ಹೇಳಿದೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿಯೂ ವಸತಿ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಇದೇ 45. ರಕ್ತದೊತ್ತಡಕ್ಕೆ ಉಪ್ಪು ಬಿಡಿ, ನಡೆಯಿರಿ ಎಂದು ನಾನು ಹೇಳುತ್ತಲೇ ಇರುತ್ತೇನೆ. ಮನೆಯ ಮುಂದೆ ನಸುಕಿನ ಮೂರು ಗಂಟೆಗೆ ಸೈಲೆನ್ಸರಿಲ್ಲದ ಟಿಪ್ಪರ್ ಏರು ಹತ್ತಿದರೆ ನನ್ನ ಪಥ್ಯ ಏನು ಮಾಡೀತು?

ಇನ್ನು ಹೊಗೆ. ಸುಶ್ರುತಾಚಾರ್ಯರು ಸೂತ್ರಸ್ಥಾನದ ಹನ್ನೆರಡನೆಯ ಅಧ್ಯಾಯದಲ್ಲಿ ಹೊಗೆಯಿಂದ ಪೀಡಿತನಾದವನ ಲಕ್ಷಣಗಳನ್ನು ಹೇಳುತ್ತ ಏದುಸಿರು, ಸೀನು, ಕೆಮ್ಮು, ಕಣ್ಣುರಿಗಳ ಜೊತೆಗೆ ವಾಸನೆ, ರುಚಿ, ಶ್ರವಣ ಇವೂ ಕೆಡುತ್ತವೆಂದು ಹೇಳಿದ್ದಾರೆ. ಹೊಗೆಗೂ ಕಿವಿಗೂ ಏನು ಸಂಬಂಧವೆಂದು ವಿದ್ಯಾರ್ಥಿಯಾಗಿದ್ದಾಗ ಅಚ್ಚರಿಪಟ್ಟಿದ್ದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲ ಶಬ್ದದೊಡನೆ ಸೇರಿದಾಗ ಕಿವಿಯ ಹಾನಿ ಹೆಚ್ಚುತ್ತದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಡೀಸೆಲ್ ಹೊಗೆಯ ವಿಷಯವಂತೂ ನಿರ್ವಿವಾದ: ಅದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರ ಜೂನಿನಲ್ಲಿ ಸಾರಿತು.

ಸೈಲೆನ್ಸರ್ ಕತ್ತರಿಸಿದ ಗಾಡಿಗಳಲ್ಲಿ ಪೈಪಿನ ತುದಿ ಎಲ್ಲೆಂದರಲ್ಲಿ ತೆರೆದಿರುವುದನ್ನು ನೋಡಿದ್ದೇನೆ. ಹೊಗೆ ಕೆಳಮುಖವಾಗಿಯೂ ಹೋಗಬಾರದು, ವಾಹನದ ಎಡಬದಿಗೂ ಹೋಗಬಾರದು, ಹಿಂದಕ್ಕೆ ಅಥವಾ ಬಲಕ್ಕೆ ಹೋಗಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ನಿಯಮ ಬರೆದವರು ಯಾರೋ ತಿಳಿದವರು. ಎಡಬದಿ ಎಂದರೆ ನಡೆಯುವವರು, ಬಸ್ಸಿಗೆ ಕಾಯುವವರು, ಶಾಲೆಯ ಮಕ್ಕಳು ಇರುವ ಬದಿ. ಕೆಳಮುಖವಾದ ಹೊಗೆ ರಸ್ತೆಯ ಧೂಳನ್ನು ಎಬ್ಬಿಸುತ್ತದೆ. ಸುಣ್ಣಕಲ್ಲಿನ ಗಣಿಯ ಧೂಳು, ಸಿಮೆಂಟಿನ ಪುಡಿ ಬಿದ್ದ ನಮ್ಮ ರಸ್ತೆಗಳಲ್ಲಿ ಅದರ ಅರ್ಥವೇನೆಂದು ವಾಡಿಯವರಿಗೆ ಹೇಳಬೇಕಾಗಿಲ್ಲ.

ಸೋರಿಕೆ ಇನ್ನೂ ಕೆಟ್ಟದ್ದು. ಎಂಜಿನ್ನು ರಬ್ಬರಿನ ಮೇಲೆ ಅಲುಗಾಡುತ್ತಿರುತ್ತದೆ, ಸೈಲೆನ್ಸರ್ ಚಾಸಿಗೆ ಬಿಗಿದಿರುತ್ತದೆ. ಆದ್ದರಿಂದ ನಡುವೆ ಬಳುಕುವ ಫ್ಲೆಕ್ಸಿಬಲ್ ಪೈಪ್ ಇಟ್ಟಿರುತ್ತಾರೆ. ಅದು ಹರಿದಾಗ ಹಣ ಉಳಿಸಲು ಗಟ್ಟಿ ಪೈಪಿನ ತುಂಡು ವೆಲ್ಡ್ ಮಾಡಿಸುವವರಿದ್ದಾರೆ. ಕೆಲವೇ ದಿನಗಳಲ್ಲಿ ಅದು ಇನ್ನೆಲ್ಲಿಯೋ ಬಿರಿಯುತ್ತದೆ, ಹೊಗೆ ಕ್ಯಾಬಿನ್ನಿನ ಅಡಿಯಲ್ಲಿ ಸೇರುತ್ತದೆ. ಜೋಡಣೆಯ ಸುತ್ತ ಕಪ್ಪು ಮಸಿ ಕಂಡರೆ ಅಲ್ಲಿ ಸೋರುತ್ತಿದೆಯೆಂದೇ ತಿಳಿಯಬೇಕು. ಪೆಟ್ರೋಲಿಗೆ ಹೋಲಿಸಿದರೆ ಡೀಸೆಲ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಕಡಿಮೆ. ಆದರೂ ಮುಚ್ಚಿದ ಕ್ಯಾಬಿನ್ನಿನಲ್ಲಿ ಎಂಜಿನ್ನು ನಡೆಸುತ್ತ ಮಲಗುವವನಿಗೆ ಅಷ್ಟೇ ಸಾಕು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಡಿಯಲ್ಲಿದ್ದಾಗ ತಲೆನೋವು, ಹೊಟ್ಟೆ ತೊಳಸುವಿಕೆ, ಇಳಿದು ಅರ್ಧ ತಾಸಿನಲ್ಲಿ ಹಗುರ ಎಂದರೆ ಅದನ್ನು ಪಿತ್ತವೆಂದು ನಿರ್ಲಕ್ಷಿಸಬಾರದು. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳಿಗೆ ಹವಾನಿಯಂತ್ರಿತ ಕ್ಯಾಬಿನ್ ಕಡ್ಡಾಯವಾಗಿದೆ. ನಮ್ಮ ಕಡೆಯ ಬಿಸಿಲಿನಲ್ಲಿ ಬೇಯುವ ಚಾಲಕರಿಗೆ ಇದು ದೊಡ್ಡ ಉಪಕಾರ. ಕಿಟಕಿ ಮುಚ್ಚುವುದರಿಂದ ಕಿವಿಗೂ ಹಿತ. ಆದರೆ ಸೋರುವ ಪೈಪಿನ ಮೇಲೆ ಮುಚ್ಚಿದ ಕ್ಯಾಬಿನ್ ತೆರೆದ ಕ್ಯಾಬಿನ್ನಿಗಿಂತ ಅಪಾಯಕರ.

2020ರ ಏಪ್ರಿಲ್ ನಂತರದ ಬಿ.ಎಸ್. 6 ಗಾಡಿಗಳ ಮಾತು ಬೇರೆಯೇ. ಅವುಗಳಲ್ಲಿ ಸೈಲೆನ್ಸರಿನಂತೆ ಕಾಣುವ ಪೆಟ್ಟಿಗೆಯೊಳಗೆ ಮಸಿಯನ್ನು ಹಿಡಿಯುವ ಜಾಲರಿಯೂ, ಶೇಕಡ 32.5ರ ಯೂರಿಯಾ ದ್ರಾವಣದಿಂದ ಸಾರಜನಕದ ವಿಷಾನಿಲಗಳನ್ನು ಶಮನಗೊಳಿಸುವ ವ್ಯವಸ್ಥೆಯೂ ಇವೆ. ಅದನ್ನು ಸೈಲೆನ್ಸರೆಂದು ತಿಳಿದು ಕತ್ತರಿಸುವುದು ಕೆಮ್ಮಿಗೆಂದು ಶ್ವಾಸಕೋಶವನ್ನೇ ತೆಗೆದಂತೆ. ಗಾಡಿಯ ಕಂಪ್ಯೂಟರು ದೋಷವನ್ನು ಗುರುತಿಸಿ ಎಳೆತವನ್ನು ತಾನೇ ಕುಗ್ಗಿಸುತ್ತದೆ. ಆಗ ಕಂಪ್ಯೂಟರಿಗೂ ಮೋಸಮಾಡುವ ಮಿಸ್ತ್ರಿಯನ್ನು ಹುಡುಕಿಕೊಂಡು ಹೋಗುವವರೂ ಇದ್ದಾರೆ.

ಕಾನೂನನ್ನು ಬಲ್ಲವರಿಗೆ ಎರಡೇ ಮಾತು. ಟ್ರ್ಯಾಕ್ಟರೂ ಸೇರಿದಂತೆ ಪ್ರತಿ ವಾಹನಕ್ಕೂ ಸೈಲೆನ್ಸರ್ ಇರಬೇಕೆಂಬುದು ಕೇಂದ್ರ ನಿಯಮಗಳ 120ನೆಯ ನಿಯಮ. ಶಬ್ದ ಮತ್ತು ಹೊಗೆಯ ಮಿತಿಯನ್ನು ಮೀರಿದರೆ, 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಅಧಿನಿಯಮದ 190ನೆಯ ಕಲಮಿನಡಿ ಮೊದಲ ಸಲವೇ ಹತ್ತು ಸಾವಿರ ರೂಪಾಯಿಯವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ರದ್ದು. ನಮ್ಮ ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಬುಲೆಟ್ ಬೈಕುಗಳ ಕರ್ಕಶ ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಹರಿಸಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. ಸ್ವಾಗತಾರ್ಹ. ಆದರೆ ಬುಲೆಟ್ ಸವಾರನು ಶೋಕಿಗಾಗಿ ಒಂದು ತಾಸು ತಿರುಗುತ್ತಾನೆ. ಲಾರಿ ಚಾಲಕನು ಹೊಟ್ಟೆಪಾಡಿಗಾಗಿ ಜೀವಮಾನವಿಡೀ ಅದರೊಳಗೆ ಕುಳಿತಿರುತ್ತಾನೆ. ಟ್ರ್ಯಾಕ್ಟರ್ ಚಾಲಕನದಂತೂ ಇನ್ನೂ ಕಷ್ಟ. ಅವನಿಗೆ ಕ್ಯಾಬಿನ್ನೇ ಇಲ್ಲ, ನೆಟ್ಟಗೆ ನಿಂತ ಹೊಗೆಪೈಪು ಮುಖದ ಮುಂದೆಯೇ.

ಇಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕು. ಸೈಲೆನ್ಸರ್ ಆರಿಸುವವನು ಮಾಲೀಕ, ಶಬ್ದ ಉಣ್ಣುವವನು ಚಾಲಕ. ತುಕ್ಕು ಹಿಡಿದ ಸೈಲೆನ್ಸರನ್ನು ಬದಲಿಸಿ ಎಂದು ಚಾಲಕ ಹೇಳಿದರೆ, ಗಾಡಿ ನಡೆಯುತ್ತಿದೆಯಲ್ಲ ಎಂಬ ಉತ್ತರ ಬರುತ್ತದೆ. ಮಳಖೇಡ, ಸೇಡಂ, ವಾಡಿ, ಇಟಗಾ, ಚಿಂಚೋಳಿಯ ಛತ್ರಸಾಲಾ ಎಂದು ಐದು ಊರುಗಳ ಸಿಮೆಂಟಿನ ಭಾರವನ್ನು ಹೊರುವ ಗಾಡಿಗಳಲ್ಲಿ ಕೆಲವಾದರೂ ಈ ಪತ್ರಿಕೆಯನ್ನು ಓದುವ ಭಕ್ತರವೇ. ಟೈರ್ ಸವೆದರೆ ಬದಲಿಸುತ್ತೀರಿ, ಏಕೆಂದರೆ ಗಾಡಿ ನಿಲ್ಲುತ್ತದೆ. ಸೈಲೆನ್ಸರ್ ತೂತಾದರೆ ಗಾಡಿ ನಿಲ್ಲುವುದಿಲ್ಲ, ಆದ್ದರಿಂದ ಬದಲಿಸುವುದಿಲ್ಲ. ಚಾಲಕನ ಕಿವಿ ತನ್ನ ಲೆಕ್ಕದ ಪುಸ್ತಕದಲ್ಲಿಲ್ಲವೆಂದು ಮಾಲೀಕ ಭಾವಿಸುವುದನ್ನು ನಾನು ಒಪ್ಪಲಾರೆ.

ಕೊಳ್ಳುವಾಗ ನೋಡಬೇಕಾದುದನ್ನು ಮಿಸ್ತ್ರಿಯಿಂದ ಕೇಳಿ ಬರೆದುಕೊಂಡಿದ್ದೇನೆ. ಗಾಡಿಯ ಕಂಪನಿ ಹೇಳಿದ ಅಳತೆಗಿಂತ ಚಿಕ್ಕ ಸೈಲೆನ್ಸರ್ ಬೇಡ. ಪೈಪಿನ ವ್ಯಾಸ ಮೂಲದಷ್ಟೇ ಇರಲಿ. ಕಿರಿದಾದರೆ ಒತ್ತಡ ಏರುತ್ತದೆ. ಕೋಣೆಗಳುಳ್ಳ ಜಾತಿಯೇ ಇರಲಿ. ಕೈಯಲ್ಲಿ ಎತ್ತಿ ನೋಡಿದರೆ ತೂಕ ತಿಳಿಯುತ್ತದೆ: ಹಗುರವಾದದ್ದರಲ್ಲಿ ಒಳಗೋಡೆಗಳು ತೆಳು, ಬೇಗ ಕಳಚಿ ಗಡಗಡಿಸುತ್ತವೆ. ಗಣಿಗೂ ಕ್ರಷರಿಗೂ ನಡುವೆ ಗಿಡ್ಡ ಓಟ ಓಡುವ ಗಾಡಿಯಲ್ಲಿ ಸೈಲೆನ್ಸರ್ ಪೂರ್ತಿ ಕಾಯುವುದಿಲ್ಲ, ಒಳಗೆ ನೀರು ನಿಂತು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಅಂತಹ ಗಾಡಿಗೆ ಸ್ಟೇನ್‌ಲೆಸ್ ಉಕ್ಕಿನದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ತೂಗುಹಾಕುವ ರಬ್ಬರು, ಪಟ್ಟಿ, ಫ್ಲೆಕ್ಸಿಬಲ್ ಪೈಪು ಇವನ್ನೂ ಜೊತೆಗೆ ಬದಲಿಸಬೇಕು.

ಆ ಸಂಜೆ ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಕೊನೆಗೆ ಅವನನ್ನು ಒಪ್ಪಿಸಿದ್ದು ನನ್ನ ಉಪದೇಶವೆಂದು ನಾನು ಹೇಳಿಕೊಳ್ಳುವುದಿಲ್ಲ. ಮಿಸ್ತ್ರಿ ವೆಲ್ಡಿಂಗ್ ಶಬ್ದದ ನಡುವೆ ಅವನನ್ನು ಏನೋ ಕೇಳಿದರು, ಅವನು ಉತ್ತರಿಸಿದ. ಮಿಸ್ತ್ರಿ ಮತ್ತೆ ಕೇಳಿದರು, ಅವನು ಮತ್ತೆ ಉತ್ತರಿಸಿದ. ಮೂರನೆಯ ಸಲ ಮಿಸ್ತ್ರಿ ತಮ್ಮ ಬಲಗಿವಿಯನ್ನು ಅವನ ಬಾಯಿಯ ಹತ್ತಿರ ತಂದರು. ಹುಡುಗ ನನ್ನ ಕಡೆ ನೋಡಿದ. ಅಡ್ಡಕೊಳವೆಯ ಮಾತು ಮತ್ತೆ ಬರಲಿಲ್ಲ. ಕಂಪನಿಯ ಅಳತೆಯ ಸೈಲೆನ್ಸರೇ ಕೂತಿತು. ಬಂಪರಿಗೆ ಹೊಳೆಯುವ ಪಟ್ಟಿ ಅಂಟಿಸಿಕೊಂಡು ಅಷ್ಟಕ್ಕೇ ತೃಪ್ತನಾದ.

ತಂದೆ ಶ್ರವಣಯಂತ್ರವನ್ನು ಇನ್ನೂ ಒಪ್ಪಿಲ್ಲ. ಅಂಗಡಿಗೆ ಹೋಗುವಾಗ ಈಗ ಮನೆಯವರು ಚೀಟಿ ಬರೆದು ಕೊಡುತ್ತಾರಂತೆ.

ನನ್ನ ಚಿಕಿತ್ಸಾಲಯದ ಚೀಟಿಯಲ್ಲಿ ಹೆಸರು, ವಯಸ್ಸು, ಊರುಗಳ ಕೆಳಗೆ ಈ ವರ್ಷದಿಂದ ಒಂದು ಸಾಲು ಹೆಚ್ಚಾಗಿ ಅಚ್ಚಾಗಿದೆ: ನಡೆಸುವ ವಾಹನ, ದಿನಕ್ಕೆ ಎಷ್ಟು ತಾಸು, ಸೈಲೆನ್ಸರಿನ ಸ್ಥಿತಿ. ಕಿವಿಯ ತೊಂದರೆಗೆಂದು ಬರುವ ಚಾಲಕ ಬಂಧುಗಳು ಗಾಡಿಯ ಕೆಳಭಾಗದ ಒಂದು ಫೋಟೊವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಬರಬೇಕೆಂದು ವಿನಂತಿ.